ಹಲ್ಲುನೋವು: ಕಾಯಬಹುದಾದುದು, ಕಾಯಬಾರದುದು

ಒಂದನೆಯ ತರಗತಿಯಲ್ಲಿ ವರ್ಣಮಾಲೆ ಹೇಳಿಸುವಾಗ ‘ತ, ಥ, ದ, ಧ, ನ’ ಎಂಬ ಸಾಲು ಬಂದೊಡನೆ ಮಕ್ಕಳಲ್ಲಿ ನಗು ಏಳುತ್ತಿತ್ತು. ಆ ಪ್ರಾಯದಲ್ಲಿ ಹಲವರಿಗೆ ಎದುರಿನ ಹಾಲುಹಲ್ಲು ಬಿದ್ದಿರುತ್ತದೆ. ಅಕ್ಷರ ಹೊರಡುವ ಬದಲು ಗಾಳಿ ಹೊರಡುತ್ತಿತ್ತು. ದಂತ್ಯಾಕ್ಷರಗಳಿಗೆ ದಂತ ಬೇಕೆಂಬ ವ್ಯಾಕರಣದ ಸತ್ಯವನ್ನು ಅವರು ಬಾಯಲ್ಲೇ ಕಲಿಯುತ್ತಿದ್ದರು. ಹಲ್ಲಿನ ಕುರಿತು ನನಗಿದ್ದ ತಿಳಿವಳಿಕೆಯೂ ಬಹುಕಾಲ ಇಷ್ಟಕ್ಕೇ ಸೀಮಿತವಾಗಿತ್ತು. ಬಿದ್ದರೆ ಮತ್ತೆ ಬರುತ್ತದೆ, ನೊಂದರೆ ಲವಂಗ ಇಡಬೇಕು, ತಡೆಯಲಾಗದಿದ್ದರೆ ಕೀಳಿಸಬೇಕು.

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆಯಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ ಶಾಲೆಯ ಹಳೆಯ ದಿನಗಳ ನೆನಪನ್ನು ನನ್ನಿಂದ ನಿರೀಕ್ಷಿಸಿದ್ದಿರಬೇಕು. ಅದನ್ನು ಬರೆಯಬಲ್ಲ ಹಿರಿಯರು ಇನ್ನೂ ಇದ್ದಾರೆ. ನಾನು ಹಲ್ಲುನೋವಿನ ಬಗೆಗೆ ಬರೆಯುತ್ತೇನೆಂದಾಗ ಅವರಿಗೆ ಆಶ್ಚರ್ಯವಾಯಿತು. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಓದಿ ಅಧ್ಯಾಪಕನಾದ ನಾನು ವೈದ್ಯನಲ್ಲ. ಆದರೆ ಈ ವಿಷಯದಲ್ಲಿ ನನ್ನದೊಂದು ಋಣವಿದೆ. ಅದನ್ನು ತೀರಿಸಲೆಂದು ಬಲ್ಲವರಲ್ಲಿ, ಅದರಲ್ಲಿಯೂ ನಮ್ಮ ಶಾಲೆಯಲ್ಲೇ ಕಲಿತು ದಂತವೈದ್ಯರಾದವರಲ್ಲಿ, ಕೇಳಿ ಕೇಳಿ ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದೇನೆ. ಇಲ್ಲಿರುವುದು ಅದರ ಸಾರ.

ನನ್ನ ತಪ್ಪು

ಎಂಬತ್ತರ ದಶಕದ ಒಂದು ಮಳೆಗಾಲ. ಏಳನೆಯ ತರಗತಿಯ ಹುಡುಗನೊಬ್ಬ ಕೆನ್ನೆಗೆ ಕೈಯಿಟ್ಟು ನನ್ನ ಬಳಿಗೆ ಬಂದ. ಕೆಳದವಡೆಯ ಹಿಂದಿನ ಹಲ್ಲು ಹುಳುಕಾಗಿ ವಾರದಿಂದ ನೋಯುತ್ತಿತ್ತು. ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಇಡಿಸಿ ತರಗತಿಗೆ ಕಳುಹಿಸಿದೆ. ಮರುದಿನ ಅವನು ಬಂದು, “ಮಾಷ್ಟ್ರೇ, ನೋವು ಹೋಯಿತು” ಎಂದ. ನನಗೆ ಸಮಾಧಾನವಾಯಿತು. ಅವನ ದವಡೆಯ ಕೆಳಗೆ ಸಣ್ಣದೊಂದು ಬಾವು ಇದ್ದುದನ್ನು ನಾನು ಕಂಡಿದ್ದೆ, ಕಂಡೂ ಲೆಕ್ಕಿಸಲಿಲ್ಲ.

ಮೂರನೆಯ ದಿನ ಅವನು ಶಾಲೆಗೆ ಬರಲಿಲ್ಲ. ಸಂಜೆ ತಂದೆ ಓಡಿ ಬಂದರು. ಹೋಗಿ ನೋಡಿದರೆ ಹುಡುಗನ ಗದ್ದದಿಂದ ಕುತ್ತಿಗೆಯವರೆಗೆ ಎರಡೂ ಕಡೆ ಬಾತು ಹಲಗೆಯಂತೆ ಗಟ್ಟಿಯಾಗಿತ್ತು. ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ನಾಲಗೆ ಮೇಲಕ್ಕೆ ಒತ್ತಿಕೊಂಡಿತ್ತು. ಜೊಲ್ಲು ನುಂಗಲಾಗದೆ ಹೊರಗೆ ಹರಿಯುತ್ತಿತ್ತು. ಮಲಗಿಸಿದರೆ ಉಸಿರು ಕಟ್ಟುತ್ತಿದ್ದುದರಿಂದ ಅವನು ಮುಂದಕ್ಕೆ ಬಾಗಿ ಕುಳಿತಿದ್ದ. ಬಾಡಿಗೆ ಜೀಪಿನಲ್ಲಿ, ಆ ಮಳೆಯಲ್ಲಿ, ಮಂಗಳೂರಿಗೆ ಹೋದೆವು. ದಾರಿಯುದ್ದಕ್ಕೂ ಅವನ ಒಂದೊಂದು ಉಸಿರನ್ನೂ ನಾನು ಎಣಿಸುತ್ತಿದ್ದೆ. ವೈದ್ಯರು ಶ್ವಾಸನಾಳಕ್ಕೆ ಕುತ್ತಿಗೆಯಲ್ಲಿ ದಾರಿ ಮಾಡಿ ನಳಿಗೆಯಿಟ್ಟರು. ಬಾವನ್ನು ಕೊಯ್ದು ಕೀವು ಹೊರತೆಗೆದರು. ಹಲ್ಲನ್ನು ಕಿತ್ತರು. ಹುಡುಗ ಬದುಕಿದ. “ಇನ್ನೆರಡು ಗಂಟೆ ತಡವಾಗಿದ್ದರೆ ನಮ್ಮಿಂದ ಆಗುತ್ತಿರಲಿಲ್ಲ” ಎಂದು ವೈದ್ಯರು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ.

ಈ ರೋಗವನ್ನು 1836ರಲ್ಲಿ ಜರ್ಮನಿಯ ವೈದ್ಯ ವಿಲ್ಹೆಲ್ಮ್ ಫ್ರೆಡ್ರಿಕ್ ಫಾನ್ ಲುಡ್ವಿಗ್ ವಿವರಿಸಿದನೆಂದೂ, ಅವನ ಹೆಸರಿನಿಂದಲೇ ಇದನ್ನು ‘ಲುಡ್ವಿಗ್ಸ್ ಆಂಜೈನಾ’ ಎಂದು ಕರೆಯುವರೆಂದೂ ಆಮೇಲೆ ತಿಳಿದೆ. ಹೃದಯದ ಆಂಜೈನಾಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಶಬ್ದದ ಮೂಲಾರ್ಥ ಉಸಿರುಕಟ್ಟುವಿಕೆ. ಇದಕ್ಕೆ ಬಹುಪಾಲು ಕಾರಣ ಕೆಳದವಡೆಯ ಹಿಂಬದಿಯ ಒಂದು ಹುಳುಕು ಹಲ್ಲು.

ನೋವು ನಿಂತುದೇ ವಾಸಿಯಲ್ಲ

ನೋವು ಹೋಯಿತೆಂದು ಹುಡುಗ ಹೇಳಿದುದು ಸುಳ್ಳಾಗಿರಲಿಲ್ಲ. ಹಲ್ಲಿನ ಒಳಗೆ ರಕ್ತನಾಳ ಮತ್ತು ನರಗಳಿಂದ ಕೂಡಿದ ಮೆದುವಾದ ತಿರುಳಿದೆ. ಹುಳುಕು ಅಲ್ಲಿಯವರೆಗೆ ತಲುಪಿದಾಗ ತಿರುಳು ಉರಿಯೂತದಿಂದ ಬಾತುಕೊಳ್ಳಲು ನೋಡುತ್ತದೆ. ಸುತ್ತಲೂ ಕಲ್ಲಿನಂತಹ ಗೋಡೆ ಇರುವುದರಿಂದ ಬಾಯಲು ಎಡೆಯಿಲ್ಲ. ಆ ಒತ್ತಡವೇ ತಡೆಯಲಾರದ ನೋವು. ಮಲಗಿದಾಗ ತಲೆಯ ಕಡೆಗೆ ರಕ್ತ ಹೆಚ್ಚುವುದರಿಂದ ನೋವು ರಾತ್ರಿಯಲ್ಲೇ ಉಲ್ಬಣಿಸುತ್ತದೆ. ಕೆಲವು ದಿನಗಳಲ್ಲಿ ತಿರುಳು ಸಾಯುತ್ತದೆ, ನರವೂ ಸಾಯುತ್ತದೆ, ನೋವು ನಿಲ್ಲುತ್ತದೆ. ಮನೆಯವರು ಮದ್ದು ಫಲಿಸಿತೆಂದು ತಿಳಿಯುತ್ತಾರೆ. ವಾಸ್ತವವಾಗಿ ಸತ್ತ ತಿರುಳಿನಲ್ಲಿ ಬೆಳೆದ ರೋಗಾಣುಗಳು ಬೇರಿನ ತುದಿಯಿಂದ ಹೊರಟು ಎಲುಬಿನೊಳಗೆ ಕೀವು ಕಟ್ಟತೊಡಗುತ್ತವೆ.

ಆ ಕೀವು ದಾರಿ ಹುಡುಕುತ್ತದೆ. ವಸಡಿನಲ್ಲಿ ಗುಳ್ಳೆಯಾಗಿ ಒಡೆದರೆ ಅದೃಷ್ಟ. ಅದೂ ವಾಸಿಯಲ್ಲ, ಆದರೆ ಅಪಾಯ ಕಡಿಮೆ. ಕೆಳದವಡೆಯ ಹಿಂದಿನ ಹಲ್ಲುಗಳ ಬೇರಿನಿಂದ ಅದು ನಾಲಗೆಯ ಬುಡಕ್ಕೂ ಕುತ್ತಿಗೆಗೂ ಇಳಿಯಬಹುದು. ಮೇಲ್ದವಡೆಯ ಹಲ್ಲುಗಳಿಂದ ಕಣ್ಣಿನ ಕಡೆಗೆ ಏರಬಹುದು. ಆದುದರಿಂದ ನಾವು ಮೊದಲು ಕೇಳಬೇಕಾದ ಪ್ರಶ್ನೆ ‘ನೋವು ಎಷ್ಟಿದೆ?’ ಎಂಬುದಲ್ಲ, ‘ಬಾವು ಇದೆಯೇ? ಎಲ್ಲಿಗೆ ಹಬ್ಬುತ್ತಿದೆ?’ ಎಂಬುದು.

ಇಲ್ಲಿ ನಮ್ಮ ಗಡಿನಾಡಿನದೇ ಒಂದು ಮಾತು. ಮಲೆಯಾಳದಲ್ಲಿ ಬಾವಿಗೆ ‘ನೀರು’ ಎನ್ನುತ್ತಾರೆ. ತೆಂಕಣ ಕಡೆಯಿಂದ ಬಂದ ದಾದಿಯೊಬ್ಬರು ನಮ್ಮೂರ ತಾಯಿಯೊಬ್ಬರಲ್ಲಿ ಮಗುವಿಗೆ “ನೀರುಂಡೋ?” ಎಂದು ಕೇಳಿದರಂತೆ. ಕುಡಿಯುವ ನೀರಿನ ವಿಚಾರವೆಂದು ಬಗೆದು ಆ ತಾಯಿ, “ಬೇಡ, ಮನೆಯಲ್ಲಿ ಕುಡಿಸಿ ತಂದಿದ್ದೇನೆ” ಎಂದರಂತೆ. ನಗುವ ಸಂಗತಿಯೇ, ಆದರೆ ಬಾವಿದೆಯೇ ಎಂಬ ಅತಿ ಮುಖ್ಯ ಪ್ರಶ್ನೆಗೆ ಅಲ್ಲಿ ಉತ್ತರವೇ ಸಿಗಲಿಲ್ಲ. ಭಾಷೆ ಬಾರದಿದ್ದರೆ ಅಂಜಬೇಕಿಲ್ಲ. ಬಾವು ಇರುವ ಜಾಗವನ್ನು ಬೆರಳಿಟ್ಟು ತೋರಿಸಿ. ಎಷ್ಟು ದಿನವಾಯಿತೆಂದು ಬೆರಳಲ್ಲಿ ಎಣಿಸಿ ತಿಳಿಸಿ.

ಅಧ್ಯಾಪಕನ ಅಭ್ಯಾಸದಂತೆ ನಾನು ಬಾಯಿಯ ತೊಂದರೆಗಳನ್ನು ಗಂಟೆಯ ಲೆಕ್ಕದವು, ದಿನದ ಲೆಕ್ಕದವು, ವಾರದ ಲೆಕ್ಕದವು ಎಂದು ಮೂರಾಗಿ ವಿಂಗಡಿಸಿಕೊಂಡಿದ್ದೇನೆ.

ಗಂಟೆಯ ಲೆಕ್ಕದವು

ಕೆಳಗಿನವುಗಳಲ್ಲಿ ಒಂದು ಕಂಡರೂ ರಾತ್ರಿ, ಆದಿತ್ಯವಾರ, ಹಬ್ಬವೆಂದು ನೋಡಕೂಡದು.

1. ಬಾವು ದವಡೆಯ ಕೆಳಗೆ, ಕುತ್ತಿಗೆಗೆ ಅಥವಾ ನಾಲಗೆಯ ಅಡಿಗೆ ಹಬ್ಬುವುದು, ನುಂಗಲು ಅಥವಾ ಉಸಿರಾಡಲು ಕಷ್ಟವಾಗುವುದು, ಬಾಯಿ ತೆರೆಯಲಾಗದಿರುವುದು, ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡು ಮಾತನಾಡಿದಂತೆ ಸ್ವರ ಬದಲಾಗುವುದು, ಚಳಿಜ್ವರ. ಇಂಥವರನ್ನು ಮಲಗಿಸದೆ ಕುಳ್ಳಿರಿಸಿಯೇ ಒಯ್ಯಬೇಕು. ಬೇಕಾದುದು ದಂತ ಚಿಕಿತ್ಸಾಲಯವಲ್ಲ, ತುರ್ತು ವಿಭಾಗವಿರುವ ದೊಡ್ಡ ಆಸ್ಪತ್ರೆ.

2. ಮೇಲಿನ ಹಲ್ಲಿನ ಬಾವು ಏರಿ ಕಣ್ಣಿನ ರೆಪ್ಪೆ ಮುಚ್ಚುವುದು, ದೃಷ್ಟಿ ಮಂಜಾಗುವುದು, ಜೊತೆಗೆ ತೀವ್ರ ತಲೆನೋವು ಬರುವುದು.

3. ಹಲ್ಲು ಕೀಳಿಸಿದ ಬಳಿಕ ರಕ್ತ ನಿಲ್ಲದಿರುವುದು. ಎಂಜಲಲ್ಲಿ ತುಸು ಕೆಂಪು ಕಾಣುವುದು ಸಹಜ. ಶುಭ್ರವಾದ ಬಟ್ಟೆಯನ್ನು ಮಡಚಿ ಗಾಯದ ಮೇಲಿಟ್ಟು 30 ನಿಮಿಷ ಬಿಗಿಯಾಗಿ ಕಚ್ಚಿಕೊಂಡಿರಬೇಕು. ನಡುನಡುವೆ ತೆಗೆದು ನೋಡಕೂಡದು, ಉಗುಳಕೂಡದು, ಬಾಯಿ ಮುಕ್ಕಳಿಸಕೂಡದು. ಆ ಮೇಲೂ ಧಾರೆಯಾಗಿ ಬರುತ್ತಿದ್ದರೆ ಹೊರಡಬೇಕು. ರಕ್ತ ತೆಳುವಾಗುವ ಮಾತ್ರೆ ಸೇವಿಸುವವರು ಹಲ್ಲು ಕೀಳಿಸುವ ಮೊದಲೇ ಅದನ್ನು ತಿಳಿಸಬೇಕು. ಆ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದೂ ಅಪಾಯ.

4. ಬಿದ್ದು ಅಥವಾ ಏಟು ತಗಲಿ ದವಡೆಗೆ ಪೆಟ್ಟಾಗಿ ಮೇಲಿನ-ಕೆಳಗಿನ ಹಲ್ಲುಗಳು ಎಂದಿನಂತೆ ಕೂಡದಿರುವುದು. ಪೆಟ್ಟಿನ ಜೊತೆಗೆ ಪ್ರಜ್ಞೆ ತಪ್ಪಿದ್ದರೆ, ವಾಂತಿಯಾದರೆ, ಹಲ್ಲಿನ ಮಾತು ಆಮೇಲೆ; ಮೊದಲು ತಲೆಯನ್ನು ಪರೀಕ್ಷಿಸಬೇಕು. ಮುರಿದ ಹಲ್ಲಿನ ತುಂಡು ಸಿಗದೆ ಕೆಮ್ಮು ಹತ್ತಿದರೆ ಅದು ಶ್ವಾಸನಾಳಕ್ಕೆ ಇಳಿದಿರಲೂಬಹುದು.

5. ನನ್ನ ಪ್ರಾಯದವರಿಗಾಗಿ ಇದೊಂದು: ಕೆಳದವಡೆಯಲ್ಲಿ ನೋವು, ಅದರಲ್ಲೂ ನಡೆದಾಗ ಅಥವಾ ಗುಡ್ಡ ಹತ್ತಿದಾಗ ಬಂದು ನಿಂತಾಗ ಇಳಿಯುವ ನೋವು, ಬೆವರು, ಎದೆ ಬಿಗಿತ, ಎಡತೋಳಿನ ಸೆಳೆತಗಳೊಡನೆ ಬಂದರೆ ಅದು ಹಲ್ಲಿನದಲ್ಲ, ಹೃದಯದ್ದಾಗಿರಬಹುದು. ಹಲ್ಲೇ ಇಲ್ಲದ ಮುದುಕರಿಗೂ ಬರುವ ‘ಹಲ್ಲುನೋವು’ ಇದು. ಕೂಡಲೇ 108ಕ್ಕೆ ಕರೆ ಮಾಡಬೇಕು.

ಬುಡಸಹಿತ ಬಿದ್ದ ಹಲ್ಲು

ಗಂಟೆಯೂ ಅಲ್ಲ, ನಿಮಿಷದ ಲೆಕ್ಕದ್ದೊಂದು ಇದೆ. ಅಂಗಳದಲ್ಲಿ ಕಬಡ್ಡಿ ನಡೆಯುತ್ತಿದ್ದಾಗ ಹುಡುಗಿಯೊಬ್ಬಳ ಎದುರಿನ ಬಾಚಿಹಲ್ಲು ಬುಡಸಹಿತ ಕಳಚಿ ಮಣ್ಣಿಗೆ ಬಿತ್ತು. ನಾವು ಅದನ್ನು ಸಾಬೂನು ಹಾಕಿ ಉಜ್ಜಿ ತೊಳೆದೆವು, ಕಾಗದದಲ್ಲಿ ಸುತ್ತಿ ತಂದೆಯ ಕೈಗೆ ಕೊಟ್ಟೆವು. ಎಲ್ಲವನ್ನೂ ಶ್ರದ್ಧೆಯಿಂದಲೇ ಮಾಡಿದೆವು, ಎಲ್ಲವೂ ತಪ್ಪಾಗಿತ್ತು. ಬೇರಿನ ಮೇಲ್ಮೈಗೆ ಅಂಟಿಕೊಂಡಿರುವ ತೆಳುವಾದ ಜೀವಂತ ನಾರುಗಳೇ ಹಲ್ಲನ್ನು ಎಲುಬಿಗೆ ಮತ್ತೆ ಬೆಸೆಯುವವು. ಉಜ್ಜಿದರೆ ಅವು ಹೋಗುತ್ತವೆ, ಒಣಗಿದರೆ ಸಾಯುತ್ತವೆ.

ಮಾಡಬೇಕಾದುದು ಹೀಗೆ. ಹಲ್ಲನ್ನು ಬಿಳಿಯ ತಲೆಯ ಭಾಗದಲ್ಲಿ ಹಿಡಿಯಬೇಕು, ಬೇರನ್ನು ಮುಟ್ಟಕೂಡದು. ಮಣ್ಣಾಗಿದ್ದರೆ ಹಾಲಿನಲ್ಲೋ ತಣ್ಣೀರಿನಲ್ಲೋ ಕೆಲವೇ ಕ್ಷಣ ಅದ್ದಿ ತೆಗೆಯಬೇಕು. ಮಗು ಎಚ್ಚರವಾಗಿದ್ದು ಸಹಕರಿಸಿದರೆ ಹಲ್ಲನ್ನು ಅದರ ಗುಳಿಯಲ್ಲೇ ಸರಿಯಾದ ದಿಕ್ಕಿನಲ್ಲಿ ಕೂರಿಸಿ, ಬಟ್ಟೆಯನ್ನು ಮೆಲ್ಲನೆ ಕಚ್ಚಿಸಬೇಕು. ಧೈರ್ಯ ಸಾಲದಿದ್ದರೆ ಕಾಯಿಸದ ಅಥವಾ ಕಾಯಿಸಿ ಆರಿದ ಹಾಲಿನಲ್ಲಿ ಮುಳುಗಿಸಿ ಒಯ್ಯಬೇಕು. ಹಾಲಿಲ್ಲದಿದ್ದರೆ ಮಗುವಿನ ಎಂಜಲಾದರೂ ಆದೀತು. ಬರಿಯ ನೀರಿನಲ್ಲಿ ಹಾಕಿಡಬಾರದು. ಅರ್ಧ ಗಂಟೆಯೊಳಗೆ ದಂತವೈದ್ಯರನ್ನು ತಲುಪಿದರೆ ಉತ್ತಮ. ಒಂದು ಗಂಟೆ ಒಣಗಿ ಬಿದ್ದಿದ್ದರೆ ಉಳಿಯುವ ಆಸೆ ಬಹಳ ಕುಗ್ಗುತ್ತದೆ. ಆದರೂ ಎಸೆಯದೆ ಒಯ್ಯಿರಿ. ಮಣ್ಣಿನ ಗಾಯವಾದುದರಿಂದ ಧನುರ್ವಾಯುವಿನ ಚುಚ್ಚುಮದ್ದಿನ ವಿಚಾರವನ್ನೂ ಕೇಳಿರಿ.

ಇದು ಶಾಶ್ವತ ಹಲ್ಲಿಗೆ ಮಾತ್ರ. ಬಿದ್ದ ಹಾಲುಹಲ್ಲನ್ನು ಮರಳಿ ಕೂರಿಸಿದರೆ ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ಹಾನಿ. ಎದುರಿನ ಶಾಶ್ವತ ಹಲ್ಲುಗಳು ಸಾಮಾನ್ಯವಾಗಿ 6ರಿಂದ 8 ವರ್ಷದೊಳಗೆ ಮೂಡುತ್ತವೆ. ನಾನು ನಿವೃತ್ತನಾಗುವ ಮೊದಲಿನ ವರ್ಷ ಇನ್ನೊಬ್ಬ ಹುಡುಗ ಜಾರುಬಂಡೆಯಿಂದ ಬಿದ್ದಾಗ ಬಿಸಿಯೂಟದ ಅಡುಗೆಯಮ್ಮ ಚಹಾಕ್ಕೆಂದು ಇಟ್ಟಿದ್ದ ಹಾಲಿನಲ್ಲಿ ಹಲ್ಲು ಪ್ರಯಾಣ ಮಾಡಿತು. ಆ ಹಲ್ಲು ಉಳಿಯಿತು. ಅಂದು ಅಧ್ಯಾಪಕರಿಗೆ ಕರಿಚಹಾ.

ದಿನದ ಲೆಕ್ಕದವು

ನಿದ್ದೆಗೆಡಿಸುವ, ಮಿಡಿಯುವ ನೋವು. ಬಿಸಿ ತಾಗಿದರೆ ಹೆಚ್ಚಿ ಬಹಳ ಹೊತ್ತು ಉಳಿಯುವ ನೋವು. ಕಚ್ಚಿದರೆ ಹಲ್ಲು ಎತ್ತರವಾದಂತೆನಿಸುವುದು. ವಸಡಿನಲ್ಲಿ ಕೀವಿನ ಗುಳ್ಳೆ. ಹಲ್ಲು ಒಡೆದು ಒಳಗಿನ ಕೆಂಪು ಕಾಣುವುದು. ಹಲ್ಲು ಕೀಳಿಸಿದ ಮೂರನೆಯ ದಿನ ಇಳಿದಿದ್ದ ನೋವು ಕಿವಿಯವರೆಗೆ ಮತ್ತೆ ಏರುವುದು. ಇವುಗಳಿಗೆ ಮರುದಿನವಾದರೂ ದಂತವೈದ್ಯರನ್ನು ಕಾಣಬೇಕು. ಸಕ್ಕರೆ ಕಾಯಿಲೆಯವರಲ್ಲಿ ಕೀವು ಬೇಗ ಹಬ್ಬುತ್ತದೆ. ಅವರು ಮತ್ತು ಪುಟ್ಟ ಮಕ್ಕಳು ಇಲ್ಲಿಯೂ ತಡಮಾಡಕೂಡದು. ಗರ್ಭಿಣಿಯರಿಗೆ ಹಲ್ಲಿನ ಚಿಕಿತ್ಸೆ ಮಾಡಿಸಲೇಬಾರದೆಂಬ ನಂಬಿಕೆ ನಮ್ಮಲ್ಲಿದೆ, ಅದು ಸರಿಯಲ್ಲ. ತಾವು ಗರ್ಭಿಣಿಯೆಂದು ವೈದ್ಯರಿಗೆ ತಿಳಿಸಿದರೆ ಸಾಕು.

ಅಲ್ಲಿಯವರೆಗೆ ಏನು ಮಾಡಬಹುದು? ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದು (ಆಗತಾನೆ ಹಲ್ಲು ಕೀಳಿಸಿದವರು ಒಂದು ದಿನ ಬಿಡಬೇಕು), ತಲೆ ಎತ್ತರಿಸಿ ಮಲಗುವುದು, ತಮಗೆ ಒಗ್ಗುವ ನೋವಿನ ಮಾತ್ರೆಯನ್ನು ಹೇಳಿದ ಪ್ರಮಾಣದಲ್ಲಿ ನುಂಗುವುದು, ಕೆನ್ನೆಗೆ ಹೊರಗಿನಿಂದ ತಣ್ಣನೆಯ ಬಟ್ಟೆ ಇಡುವುದು. ಮಾಡಬಾರದುದೂ ಇದೆ. ಆಸ್ಪಿರಿನ್ ಮಾತ್ರೆಯನ್ನು ವಸಡಿನ ಮೇಲಿಟ್ಟರೆ ವಸಡು ಸುಡುತ್ತದೆ. ಹೊಗೆಸೊಪ್ಪು ತುರುಕುವುದು, ಸೀಮೆ ಎಣ್ಣೆ ಹಚ್ಚುವುದು, ಬಾವಿಗೆ ಬಿಸಿ ಶಾಖ ಕೊಡುವುದು, ಸೂಜಿಯಿಂದ ಕೀವು ಒಡೆಯುವುದು ಕೂಡದು. ಲವಂಗವನ್ನು ನಾನು ಹಳಿಯುವುದಿಲ್ಲ. ಅದು ನೋವನ್ನು ತುಸು ಮರೆಸುವುದು ನಿಜ. ಆದರೆ ಮರೆಸುತ್ತದೆಯೇ ಹೊರತು ವಾಸಿಮಾಡುವುದಿಲ್ಲ. ಔಷಧದಂಗಡಿಯಿಂದ ತಾವೇ ತಂದ ಆಂಟಿಬಯಾಟಿಕ್ ಮಾತ್ರೆಗಳ ಕಥೆಯೂ ಅಷ್ಟೇ. ಕೀವಿನ ಮೂಲವಾದ ಹಲ್ಲಿಗೆ ಬೇರುನಾಳದ ಚಿಕಿತ್ಸೆಯಾಗಲಿ ಕೀಳುವಿಕೆಯಾಗಲಿ ಆಗದೆ ರೋಗ ಹೋಗದು.

ವಾರದ ಲೆಕ್ಕದವು

ಕೊನೆಯ ಗುಂಪು ನೋವೇ ಇಲ್ಲದ್ದು. ಆದುದರಿಂದಲೇ ಕಪಟಿ. ಬಾಯಿಯಲ್ಲಿ ಎರಡು ವಾರಕ್ಕೂ ಮಾಯದ ಹುಣ್ಣು, ಉಜ್ಜಿದರೆ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಕೆನ್ನೆಯೊಳಗೆ ಗಂಟು, ಕಾರಣವಿಲ್ಲದೆ ಸಡಿಲವಾದ ಹಲ್ಲು, ಕುತ್ತಿಗೆಯಲ್ಲಿ ಗಡ್ಡೆ. ಇವನ್ನು ವಾರಗಳೊಳಗೆ ಪರೀಕ್ಷಿಸಿಕೊಳ್ಳಲೇಬೇಕು. ಖಾರ ತಾಗಿದರೆ ಬಾಯಿ ಉರಿಯುವುದು ಮತ್ತು ಬಾಯಿ ದಿನೇ ದಿನೇ ಕಿರಿದಾಗುವುದು ಇನ್ನೊಂದು ಸೂಚನೆ. ತಮ್ಮ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಮೇಲಿನ-ಕೆಳಗಿನ ಬಾಚಿಹಲ್ಲುಗಳ ನಡುವೆ ಇಟ್ಟು ನೋಡಬಹುದು. ಮೂರು ಬೆರಳು ಹಿಡಿಯದಿದ್ದರೆ ವೈದ್ಯರನ್ನು ಕಾಣಬೇಕು.

ಇದಕ್ಕೆ ಮುಖ್ಯ ಕಾರಣವನ್ನು ಬರೆಯಲು ನನ್ನ ಕೈ ತುಸು ಅಳುಕುತ್ತದೆ. ನಮ್ಮ ಶಾಲೆಯ ಕಟ್ಟಡಕ್ಕೆ ಹೆಂಚು ಹೊದೆಸಿದುದು ಅಡಿಕೆಯ ಹಣ. ನನ್ನ ಸಂಸಾರ ಸಾಗಿದುದರಲ್ಲಿಯೂ ಸಂಬಳದಷ್ಟೇ ಪಾಲು ತೋಟದ್ದು. ಎಲೆಯಡಿಕೆಯ ಹರಿವಾಣವಿಲ್ಲದ ಮನೆ ನಮ್ಮಲ್ಲಿ ಇರಲಿಲ್ಲ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ತನ್ನ ವರದಿಯಲ್ಲಿ, ಹೊಗೆಸೊಪ್ಪು ಸೇರದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. ಹೊಗೆಸೊಪ್ಪು ಕೂಡಿದರೆ ಅಪಾಯ ಇನ್ನೂ ಹೆಚ್ಚು. ಬೆಳೆಗಾರರಾದ ನಮಗೆ ಇದು ಹಿತವಾದ ಮಾತಲ್ಲ. ಆದರೆ ಹಿತವಲ್ಲವೆಂಬ ಕಾರಣಕ್ಕೆ ಮಕ್ಕಳಿಂದ ಮರೆಮಾಚುವುದು ಅಧ್ಯಾಪಕನಿಗೆ ತಕ್ಕುದಲ್ಲ. ನಾನು 40 ವರ್ಷ ಮೆಲ್ಲುತ್ತಿದ್ದ ಎಲೆಯಡಿಕೆಯನ್ನು ಬಿಟ್ಟಿದ್ದೇನೆ. ಬಾಯಿಯ ಕ್ಯಾನ್ಸರು ಬೇಗ ಗುರುತಿಸಿದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು, ತಡವಾದಷ್ಟೂ ಕುಗ್ಗುತ್ತದೆ. ವಾರಕ್ಕೊಮ್ಮೆ ಕನ್ನಡಿಯ ಮುಂದೆ ಬಾಯಿ ತೆರೆದು, ನಾಲಗೆಯ ಎರಡೂ ಅಂಚು ಮತ್ತು ಕೆನ್ನೆಯ ಒಳಬದಿಯನ್ನು ನೋಡಿಕೊಳ್ಳಲು ಖರ್ಚಿಲ್ಲ.

ದಾರಿಯನ್ನು ಮೊದಲೇ ತಿಳಿದಿರಿ

ನಮ್ಮವರಿಗೆ ಕಾಯಿಲೆಯೆಂದರೆ ಮಂಗಳೂರು. ಭಾಷೆಯ ದೃಷ್ಟಿಯಿಂದಲೂ ರೂಢಿಯಿಂದಲೂ ಅದು ಸಹಜ. ಆದರೆ 2020ರ ಮಾರ್ಚಿಯಲ್ಲಿ ಕೊರೋನಾದ ಕಾಲಕ್ಕೆ ತಲಪಾಡಿಯ ಗಡಿ ಮುಚ್ಚಿದಾಗ ಆ ಒಂದೇ ದಾರಿಯನ್ನು ನಂಬಿದವರ ಪಾಡು ಏನಾಯಿತೆಂಬುದನ್ನು ಕಂಡಿದ್ದೇವೆ. ಗಡಿ ಈಗ ತೆರೆದಿದೆ, ಪಾಠ ಉಳಿದಿದೆ. ಉಸಿರಿನ ತೊಂದರೆಯಿದ್ದಾಗ ದೂರದ ಪರಿಚಿತ ಆಸ್ಪತ್ರೆಗಿಂತ ಹತ್ತಿರದ ಅಪರಿಚಿತ ಆಸ್ಪತ್ರೆಯೇ ಮೇಲು. ಅಲ್ಲಿ ಉಸಿರನ್ನು ಭದ್ರಪಡಿಸಿ ಮುಂದಕ್ಕೆ ಕಳುಹಿಸುತ್ತಾರೆ. ತಮ್ಮ ಮನೆಗೆ ಸಮೀಪದ, ರಾತ್ರಿಯೂ ತೆರೆದಿರುವ ತುರ್ತು ವಿಭಾಗ ಯಾವುದು, ದಂತವೈದ್ಯರು ಯಾವ ದಿನ ಸಿಗುತ್ತಾರೆ ಎಂಬುದನ್ನು ಇಂದೇ ವಿಚಾರಿಸಿ ಕ್ಯಾಲೆಂಡರಿನ ಬದಿಯಲ್ಲಿ ಬರೆದಿಡಿ. 108ರ ಆಂಬುಲೆನ್ಸ್ ಗಡಿಯ ಈಚೆಗೂ ಇದೆ, ಆಚೆಗೂ ಇದೆ.

‘ಹಲ್ಲಿದ್ದರೆ ಕಡಲೆಯಿಲ್ಲ, ಕಡಲೆಯಿದ್ದರೆ ಹಲ್ಲಿಲ್ಲ’ ಎಂಬ ಗಾದೆಯನ್ನು ನಾವೆಲ್ಲ ವಿಸ್ತರಿಸಿ ಬರೆದವರೇ. ಆ ಗಾದೆ ಭಾಗ್ಯದ ಕುರಿತಾದದ್ದು. ಹಲ್ಲಿನ ವಿಚಾರದಲ್ಲಾದರೋ ಹೆಚ್ಚಿನದು ಭಾಗ್ಯವಲ್ಲ, ಎಚ್ಚರ.

ಅಂದಿನ ಆ ಹುಡುಗ ಈಗ ಮಕ್ಕಳ ತಂದೆ, ನಮ್ಮ ಹಳೆವಿದ್ಯಾರ್ಥಿ ಸಂಘದಲ್ಲಿ ಮುಂದೆ ನಿಂತು ದುಡಿಯುವವ. ಅಂಗಿಯ ಕಾಲರಿನ ಮೇಲ್ಗಡೆ ಅವನ ಕುತ್ತಿಗೆಯಲ್ಲೊಂದು ಗೆರೆ ಕಾಣುತ್ತದೆ. ಮಹೋತ್ಸವದ ಸಿದ್ಧತೆಯ ಸಭೆಯಲ್ಲಿ ಅವನನ್ನು ಬದಿಗೆ ಕರೆದು, ಇದನ್ನು ಬರೆಯಲೇ ಎಂದು ಕೇಳಿದೆ. “ಬರೆಯಿರಿ ಮಾಷ್ಟ್ರೇ, ಹೆಸರು ಬೇಡ. ಆದರೆ ನೋವು ಹೋಯಿತೆಂದು ನಾನು ಹೇಳಿದುದನ್ನು ಮಾತ್ರ ಬಿಡಬೇಡಿ” ಎಂದ. ಬಿಟ್ಟಿಲ್ಲ. ಈ ಸಂಚಿಕೆಯನ್ನು ಮನೆಗೊಯ್ಯುವ ಹಳೆವಿದ್ಯಾರ್ಥಿಗಳು ಅದನ್ನೊಂದು ನೆನಪಿಟ್ಟರೆ ನನ್ನ ಋಣದಲ್ಲಿ ಸ್ವಲ್ಪವಾದರೂ ಸಂದಂತಾಯಿತು.